ರೈತ ಉತ್ಪಾದಕರ ಸಂಸ್ಥೆಯ ಜಾಲತಾಣ: ಡೊಮೇನ್ ಯಾರ ಹೆಸರಿನಲ್ಲಿದೆ?

ಬೆಲ್ಲ, ಸಿರಿಧಾನ್ಯ, ಜೇನುತುಪ್ಪ ಮುಂತಾದವುಗಳ ನೇರ ಮಾರಾಟಕ್ಕಾಗಿ ರೈತ ಉತ್ಪಾದಕರ ಸಂಸ್ಥೆಗಳು ಸ್ವಂತ ಜಾಲತಾಣ ಹೊಂದುವುದು ಈಗ ಅಪರೂಪವಲ್ಲ. ಅದನ್ನು ರೂಪಿಸಿಕೊಡುವವರು ಬಹುಮಟ್ಟಿಗೆ ಊರಿನ ಯಾರಾದರೂ ಯುವಕರು; ತಾಣದ ವಿಳಾಸ, ಅಂದರೆ ಡೊಮೇನ್, ಅವರ ಸ್ವಂತ ಇ-ಮೇಲ್ ಮೂಲಕವೇ ನೋಂದಣಿಯಾಗಿರುತ್ತದೆ. ಅವರು ಉದ್ಯೋಗ ಅರಸಿ ಬೇರೆಡೆಗೆ ತೆರಳಿದ ಬಳಿಕ ನವೀಕರಣದ ಸೂಚನೆಗಳು ಸಂಸ್ಥೆಗೆ ತಲುಪುವುದಿಲ್ಲ. ಅವಧಿಯೂ ನಂತರದ ಗಡುವೂ ಮುಗಿದರೆ ಆ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು. ಆಗ ನಿಮ್ಮ ಪೊಟ್ಟಣಗಳ ಮೇಲೆ ಮುದ್ರಿತವಾದ ವಿಳಾಸವು ಗ್ರಾಹಕರನ್ನು ಅಪರಿಚಿತರ ತಾಣಕ್ಕೆ ಕೊಂಡೊಯ್ಯುತ್ತದೆ. ಪಹಣಿಯಲ್ಲಿ ಯಾರ ಹೆಸರಿದೆಯೆಂದು ಪರಿಶೀಲಿಸುವ ನಾವು ಇದನ್ನೇಕೆ ಪರಿಶೀಲಿಸುವುದಿಲ್ಲ?

ಆದ್ದರಿಂದ ನೋಂದಣಿಯನ್ನು ಸಂಸ್ಥೆಯ ಹೆಸರಿಗೂ ಸಂಸ್ಥೆಯ ಇ-ಮೇಲ್‌ಗೂ ಬದಲಾಯಿಸಿಕೊಳ್ಳಿ. ‘.ಇನ್’ ಡೊಮೇನನ್ನು ಒಮ್ಮೆಲೇ 10 ವರ್ಷಗಳವರೆಗೆ ನೋಂದಾಯಿಸಲು ಅವಕಾಶವಿದೆ. ಪಾಸ್‌ವರ್ಡ್ ಕನಿಷ್ಠ ಇಬ್ಬರು ಪದಾಧಿಕಾರಿಗಳಿಗೆ ತಿಳಿದಿರಲಿ. ನವೀಕರಣದ ದಿನಾಂಕವನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸಿ. ವಿಸ್ತರಣಾ ಕಾರ್ಯಕರ್ತರು ಭೇಟಿಯ ವೇಳೆ ಇಷ್ಟನ್ನು ವಿಚಾರಿಸಿದರೂ ದೊಡ್ಡ ಉಪಕಾರವಾದೀತು.

ಬರವಣಿಗೆ ಯೂನಿಕೋಡ್‌ನಲ್ಲಿಯೇ ಇರಲಿ. ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ಕನ್ನಡವು ಗ್ರಾಹಕರ ಮೊಬೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣಬಹುದು. ಗೂಗಲ್ ಹುಡುಕಾಟದಲ್ಲಿಯೂ ದೊರೆಯದು. ಮೊಬೈಲಿನಲ್ಲಿ ತೆಗೆದ ಚಿತ್ರ ಹಲವು ಎಂ.ಬಿ. ತೂಗುತ್ತದೆ, 200 ಕೆ.ಬಿ. ಆಸುಪಾಸಿಗೆ ಇಳಿಸಿ ಹಾಕಿದರೆ ಹಳ್ಳಿಯ ದುರ್ಬಲ ಸಂಪರ್ಕದಲ್ಲಿಯೂ ಪುಟ ಬೇಗ ತೆರೆದುಕೊಳ್ಳುತ್ತದೆ.

ದರಪಟ್ಟಿಗೆ ದಿನಾಂಕ ನಮೂದಿಸಿ. ಅದನ್ನು ಆಗಾಗ್ಗೆ ಬದಲಿಸಲು ಪುರುಸೊತ್ತಿಲ್ಲವಾದರೆ, ದರವನ್ನೇ ಕೈಬಿಟ್ಟು ದೂರವಾಣಿ ಸಂಖ್ಯೆಯನ್ನಷ್ಟೇ ಕೊಡುವುದು ಲೇಸು.