ಮಗನ ಕಂಪೆನಿಗೆ ಅಮ್ಮನ ಬಳೆ

ರಾತ್ರಿ ಊಟ ಮುಗಿದಿದೆ. ನೀವು ಪಾತ್ರೆ ತೊಳೆದಿಟ್ಟು ಕೈ ಒರೆಸಿಕೊಳ್ಳುತ್ತಿರುವಾಗ ಮಗ ಲ್ಯಾಪ್‌ಟಾಪ್ ಹಿಡಿದು ಅಡುಗೆ ಮನೆಯ ಬಾಗಿಲಲ್ಲಿ ನಿಲ್ಲುತ್ತಾನೆ. "ಅಮ್ಮೀ, ಒಂದು ಮಾತು. ಅಬ್ಬಾಗೆ ಈಗಲೇ ಹೇಳಬೇಡ." ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು, ಇಬ್ಬರು ಗೆಳೆಯರೊಂದಿಗೆ ಸೇರಿ ಸೀರೆ ಮಗ್ಗಗಳ ಲೆಕ್ಕ ಇಡುವ, ಆರ್ಡರ್ ಹಿಡಿಯುವ ಸಾಫ್ಟ್‌ವೇರ್ ಮಾಡುತ್ತಾನಂತೆ. ಎರಡು ಲಕ್ಷ ರೂಪಾಯಿ ಬೇಕು. ಬಡ್ಡಿಯ ಸಾಲ ಬೇಡ ಎಂದು ಅವನೇ ಹೇಳುತ್ತಾನೆ. ಆಮೇಲೆ ಅವನ ಕಣ್ಣು ನಿಮ್ಮ ಕೈಯ ಬಳೆಗಳ ಮೇಲೆ ನಿಲ್ಲುತ್ತದೆ.

ಈ ಮನೆ ಇಳಕಲ್‌ನಲ್ಲಿರಬಹುದು, ಹುನಗುಂದದಲ್ಲಿರಬಹುದು, ಬಾದಾಮಿಯಲ್ಲಿ ಅಥವಾ ಬಾಗಲಕೋಟೆಯ ನವನಗರದ ಯಾವುದಾದರೊಂದು ಸೆಕ್ಟರಿನಲ್ಲಿರಬಹುದು. ಹತ್ತು ವರ್ಷದ ಹಿಂದೆ ಇಂಥ ಮಾತು ನಮ್ಮ ಊರುಗಳಲ್ಲಿ ಕೇಳಿಸುತ್ತಿರಲಿಲ್ಲ. ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು 1963ರಲ್ಲೇ ಆರಂಭವಾಯಿತು. ಅಂದಿನಿಂದ ಇಲ್ಲಿ ಕಲಿತವರು ಬಸ್ಸು, ರೈಲು ಹತ್ತಿ ಬೆಂಗಳೂರಿಗೆ ಹೋದರು. ಹಬ್ಬಕ್ಕೆ ಬಂದರು, ಮತ್ತೆ ಹೋದರು. ಈಗ ಕೆಲವರು ವಾಪಸು ಬರುವ ಮಾತಾಡುತ್ತಿದ್ದಾರೆ. ಬಂದವರು ಮೊದಲು ಕೈಚಾಚುವುದು ಮನೆಯ ಹೆಣ್ಣುಮಕ್ಕಳ ಮುಂದೆ. ಆದ್ದರಿಂದ ಈ ವಿಷಯ ತಿಳಿಯಬೇಕಾದವರು ನೀವು.

ನಿಮ್ಮ ನೆನಪಿಗೆ ಮೊದಲು ಬರುವುದು ಸುಧಾ ಮೂರ್ತಿಯವರೇ ಇರಬೇಕು. ಹಾವೇರಿ ಜಿಲ್ಲೆಯ ಶಿಗ್ಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಓದಿದ ಅವರು 1981ರಲ್ಲಿ ತಮ್ಮ ಉಳಿತಾಯದ 10,000 ರೂಪಾಯಿಯನ್ನು ಪತಿಯ ಕೈಗಿತ್ತರು. ಪುಣೆಯಲ್ಲಿ ಏಳು ಮಂದಿ ಸೇರಿ ಇನ್ಫೋಸಿಸ್ ಕಟ್ಟಿದ್ದು ಆ ಹಣದಿಂದ. ಈ ಕತೆ ಎಲ್ಲರಿಗೂ ಗೊತ್ತು. ಆದರೆ ಒಂದು ಅಂಶವನ್ನು ನಾವು ಮರೆಯುತ್ತೇವೆ. ಅವರು ಕೆಲಸದಲ್ಲಿದ್ದರು, ಮನೆ ಅವರ ಸಂಬಳದಲ್ಲಿ ನಡೆಯುತ್ತಿತ್ತು. ಆ ಹತ್ತು ಸಾವಿರ ಮುಳುಗಿದ್ದರೂ ಮನೆಯ ಒಲೆ ಆರುತ್ತಿರಲಿಲ್ಲ. ಮಗನಿಗೆ ಉತ್ತರ ಕೊಡುವ ಮೊದಲು ನೀವು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಅದೇ: ಈ ಹಣ ಪೂರ್ತಿ ಹೋದರೆ ನಮ್ಮ ಮನೆ ನಡೆಯುತ್ತದೆಯೇ? ಹೊಸ ಕಂಪೆನಿಗಳಲ್ಲಿ ಹೆಚ್ಚಿನವು ಕೆಲವು ವರ್ಷಗಳಲ್ಲಿ ಮುಚ್ಚಿಹೋಗುತ್ತವೆ. ನಿಮ್ಮ ಮಗ ಜಾಣನಾಗಿರಬಹುದು. ಮುಚ್ಚಿಹೋದವುಗಳನ್ನು ಕಟ್ಟಿದವರೂ ಜಾಣರೇ.

ಇನ್ನೊಂದು ಉದಾಹರಣೆ ನನಗೆ ಇದಕ್ಕಿಂತಲೂ ಹತ್ತಿರವೆನಿಸುತ್ತದೆ. ಕೇರಳದ ವಯನಾಡಿನ ಪಿ.ಸಿ. ಮುಸ್ತಫಾ ಕೂಲಿ ಕಾರ್ಮಿಕರ ಮಗ. ಆರನೇ ತರಗತಿಯಲ್ಲಿ ನಪಾಸಾದ ಹುಡುಗ, ಗಣಿತದ ಮೇಷ್ಟ್ರೊಬ್ಬರ ಒತ್ತಾಸೆಯಿಂದ ಮತ್ತೆ ಶಾಲೆಗೆ ಹೋಗಿ ಮುಂದೆ ಕಂಪ್ಯೂಟರ್ ಇಂಜಿನಿಯರ್ ಆದರು. 2005ರಲ್ಲಿ ಬೆಂಗಳೂರಿನಲ್ಲಿ ಅವರ ಸೋದರ ಸಂಬಂಧಿಗಳು ಇಡ್ಲಿ ದೋಸೆಯ ಹಿಟ್ಟನ್ನು ಪ್ಯಾಕೆಟ್ ಮಾಡಿ ಮಾರುವ ಯೋಚನೆ ಮಾಡಿದಾಗ 50,000 ರೂಪಾಯಿ ಹಾಕಿದವರು ಇವರು. ಐವತ್ತು ಚದರಡಿಯ ಅಡುಗೆ ಕೋಣೆ, ಒಂದು ಗ್ರೈಂಡರ್, ಒಂದು ಹಳೆಯ ಸ್ಕೂಟರ್. ದಿನಕ್ಕೆ ನೂರು ಪ್ಯಾಕೆಟ್ ಮಾರುವುದು ಮೊದಲ ಗುರಿ. ಅದನ್ನು ಮುಟ್ಟಲು ಒಂಬತ್ತು ತಿಂಗಳು ಹಿಡಿಯಿತು. ಗಮನಿಸಿ, ಒಂದೇ ಸಲಕ್ಕೆ ಲಕ್ಷಗಟ್ಟಲೆ ಸುರಿಯಲಿಲ್ಲ. ನೂರು ಪ್ಯಾಕೆಟ್ ಹೋಗುತ್ತದೆಂದು ಖಾತ್ರಿಯಾದ ಮೇಲೆ ಮತ್ತಷ್ಟು ಹಣ, ದೊಡ್ಡ ಅಡುಗೆ ಕೋಣೆ. ಐಡಿ ಫ್ರೆಶ್ ಎಂಬ ಆ ಕಂಪೆನಿಗೆ 2014ರಲ್ಲಿ ಹೊರಗಿನ ಹೂಡಿಕೆದಾರರಿಂದ 35 ಕೋಟಿ ರೂಪಾಯಿ ಬಂತು. ಅದು ಸಾಲವಲ್ಲ, ಪಾಲು. ಕಂಪೆನಿ ಬೆಳೆದರೆ ಅವರಿಗೂ ಲಾಭ, ಮುಳುಗಿದರೆ ಅವರ ಹಣವೂ ಮುಳುಗುತ್ತದೆ.

ಪಾಲು ಮತ್ತು ಸಾಲದ ಈ ವ್ಯತ್ಯಾಸ ನಮಗೆ ಹೊಸತೇನಲ್ಲ. ಒಬ್ಬರ ಬಂಡವಾಳ, ಇನ್ನೊಬ್ಬರ ದುಡಿಮೆ, ಲಾಭವನ್ನು ಮೊದಲೇ ಮಾತಾಡಿಕೊಂಡ ಪ್ರಮಾಣದಲ್ಲಿ ಹಂಚಿಕೊಳ್ಳುವ ಮುದಾರಬದ ಬಗ್ಗೆ ನೀವು ಕೇಳಿರುತ್ತೀರಿ. ನಷ್ಟವಾದರೆ ಬಂಡವಾಳ ಹಾಕಿದವನಿಗೆ ಹಣ ಹೋಯಿತು, ದುಡಿದವನಿಗೆ ದುಡಿಮೆ ಹೋಯಿತು. ಹಝ್ರತ್ ಖದೀಜಾ(ರ) ತಮ್ಮ ಸರಕನ್ನು ಪ್ರವಾದಿ ಮುಹಮ್ಮದ್(ಸ)ರ ಕೈಯಲ್ಲಿ ಸಿರಿಯಾಕ್ಕೆ ಕಳುಹಿಸಿದಾಗ ಜೊತೆಯಲ್ಲಿ ತಮ್ಮ ಸೇವಕ ಮೈಸರಾನನ್ನೂ ಕಳುಹಿಸಿದ್ದರು. ಪ್ರಯಾಣದ ವರದಿಯನ್ನು ಅವನ ಬಾಯಿಂದ ಕೇಳಿದರು. ಮಗನ ಕಂಪೆನಿಯ ಲೆಕ್ಕವನ್ನು ತಿಂಗಳಿಗೊಮ್ಮೆ ತೋರಿಸೆಂದು ಕೇಳಿದರೆ ಅವನಿಗೆ ಬೇಸರವಾಗಬಹುದು. ಆದರೂ ಕೇಳಿ.

ಬಳೆಯ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಅದು ನಿಮ್ಮ ಮಹ್ರ್‌ನಲ್ಲಿ ಬಂದದ್ದಾಗಿದ್ದರೆ ಅದರ ಒಡೆತನ ನಿಮ್ಮದು, ಮನೆಯವರದ್ದಲ್ಲ. ಕೊಡುವುದೂ ಕೊಡದಿರುವುದೂ ನಿಮ್ಮ ಇಷ್ಟ. ಕೊಟ್ಟರೆ ಉಡುಗೊರೆಯಾಗಿ ಕೊಡುತ್ತೀರೋ, ಸಾಲವಾಗಿಯೋ, ಪಾಲಿಗಾಗಿಯೋ ಎಂದು ಅಂದೇ ಕಾಗದದ ಮೇಲೆ ಬರೆಸಿಕೊಳ್ಳಿ. "ಮಗನ ಹತ್ತಿರ ಕಾಗದವೇ?" ಎಂದು ನೆರೆಮನೆಯವರು ನಗಬಹುದು. ನಾಳೆ ಅವನ ಇಬ್ಬರು ಗೆಳೆಯರು, ನಾಡಿದ್ದು ಸೊಸೆಯ ಮನೆಯವರು ಈ ಲೆಕ್ಕದೊಳಗೆ ಬರುತ್ತಾರೆ. ಆಗ ನಗುವವರು ಯಾರೂ ಇರುವುದಿಲ್ಲ.

ಪಾಲು ಎಂದರೆ ಎಷ್ಟು? ಒಂದು ಸಣ್ಣ ಲೆಕ್ಕ ನೋಡಿ. ನೀವು ಎರಡು ಲಕ್ಷ ಹಾಕಿ ಶೇಕಡಾ 10 ಪಾಲು ಪಡೆದಿರಿ ಎನ್ನೋಣ. ಅಂದರೆ ಇಡೀ ಕಂಪೆನಿಯ ಬೆಲೆ ಇಪ್ಪತ್ತು ಲಕ್ಷ ಎಂದು ಒಪ್ಪಿದಂತಾಯಿತು. ಎರಡು ವರ್ಷದ ಮೇಲೆ ಬೇರೊಬ್ಬರು ಒಂದು ಕೋಟಿ ಹಾಕಿ ಶೇಕಡಾ 20 ಪಾಲು ಪಡೆದರೆ ನಿಮ್ಮ 10 ಕರಗಿ 8 ಆಗುತ್ತದೆ. ಗಾಬರಿ ಬೇಡ. ಕಂಪೆನಿಯ ಬೆಲೆ ಈಗ ಐದು ಕೋಟಿ, ನಿಮ್ಮ 8ರ ಬೆಲೆ 40 ಲಕ್ಷ. ಆದರೆ ಹಿಗ್ಗಬೇಡಿ ಕೂಡ. ಅದು ಕಾಗದದ ಮೇಲಿನ ನಲವತ್ತು ಲಕ್ಷ. ಬಂಗಾರವನ್ನು ಚೌಕಿನ ಅಂಗಡಿಗೆ ಒಯ್ದು ಸಂಜೆಯೊಳಗೆ ಹಣ ತರಬಹುದು. ಇಂಥ ಪಾಲನ್ನು ಕೊಳ್ಳುವವರು ಸಿಗುವವರೆಗೆ ಅದರಿಂದ ಒಂದು ಸೇರು ಅಕ್ಕಿಯೂ ಬರುವುದಿಲ್ಲ.

ಇಲ್ಲಿ ಇನ್ನೊಂದು ನೋವಿನ ಕತೆ ನೆನಪಿಸದೆ ನಿರ್ವಾಹವಿಲ್ಲ. 2006ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಐಎಂಎ ಸಂಸ್ಥೆ ಹಲಾಲ್ ಹೂಡಿಕೆ ಎಂಬ ಹೆಸರಿನಲ್ಲಿ ನಮ್ಮ ಜನರಿಂದ ಹಣ ಸಂಗ್ರಹಿಸಿತು. 2019ರ ಜೂನ್‌ನಲ್ಲಿ ಅದರ ಮುಖ್ಯಸ್ಥರು ದೇಶ ಬಿಟ್ಟು ಹೋದರು. ದೂರು ಕೊಟ್ಟವರ ಸಂಖ್ಯೆ 40,000 ದಾಟಿತು. ಜುಲೈನಲ್ಲಿ ಅವರ ಬಂಧನವಾಯಿತು, ಮುಂದೆ ತನಿಖೆ ಸಿಬಿಐಗೆ ಹೋಯಿತು. ದೂರು ಕೊಡಲು ಸಾಲು ನಿಂತವರಲ್ಲಿ ಬುರ್ಖಾ ತೊಟ್ಟ ತಾಯಂದಿರನ್ನು, ಮಗಳ ಮದುವೆಗೆಂದು ಕೂಡಿಟ್ಟವರನ್ನು ನಾವು ಟಿವಿಯಲ್ಲಿ ನೋಡಿದೆವು. ಆ ಗಾಯ ಇನ್ನೂ ಹಸಿಯಾಗಿಯೇ ಇದೆ. ಅದರಿಂದಾಗಿ ಕೆಲವರು ಪಾಲುದಾರಿಕೆಯ ಹೆಸರೆತ್ತಿದರೇ ಬೆದರುತ್ತಾರೆ. ಬೆದರುವುದು ಸಹಜ. ಆದರೆ ನಿಜವಾದ ಪಾಲಿನಲ್ಲಿ ತಿಂಗಳು ತಿಂಗಳು ಇಷ್ಟು ಬರುತ್ತದೆಂದು ಭರವಸೆ ಕೊಡಲು ಯಾರಿಂದಲೂ ಸಾಧ್ಯವಿಲ್ಲ. ಕೊಟ್ಟರೆ ಅಲ್ಲೇ ಎದ್ದು ಬನ್ನಿ. ಪ್ರೈವೇಟ್ ಲಿಮಿಟೆಡ್ ಕಂಪೆನಿ ಸಾರ್ವಜನಿಕರಿಂದ ಠೇವಣಿ ಸಂಗ್ರಹಿಸುವಂತಿಲ್ಲ, ಅದಕ್ಕೆ 200ಕ್ಕಿಂತ ಹೆಚ್ಚು ಪಾಲುದಾರರೂ ಇರುವಂತಿಲ್ಲ. ನಿಮ್ಮ ಓಣಿಯ ಅರ್ಧ ಮನೆಗಳಿಂದ ಹಣ ಎತ್ತುವ 'ಸ್ಟಾರ್ಟ್‌ಅಪ್' ಕಂಡರೆ ಅನುಮಾನಿಸಿ. ನಿಮ್ಮ ಮಗನೇ ಅಂಥದಕ್ಕೆ ಕೈಹಾಕಿದ್ದರೆ ಅವನ ಕಿವಿ ಹಿಂಡಿ.

ಸರಿ, ಎರಡು ಲಕ್ಷದಲ್ಲಿ ಅವನು ಮಾಡುವುದೇನು? ಸಾಫ್ಟ್‌ವೇರ್ ಕೆಲಸ ನಮಗೆ ಅರ್ಥವಾಗದೆಂದು ಹಿಂದೆ ಸರಿಯಬೇಡಿ. ಇಳಕಲ್ ಸೀರೆಯ ಕೆಲಸ ಗೊತ್ತಿದ್ದವರಿಗೆ ಇದು ಅರ್ಥವಾಗುತ್ತದೆ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಆದ್ದರಿಂದ ಇಲ್ಲಿ ಹಾಸನ್ನು ಒಂದೊಂದು ಸೀರೆಗೂ ಬೇರೆಯಾಗಿ ಸಿದ್ಧಪಡಿಸುತ್ತಾರೆ. ಮಗ್ಗಕ್ಕೆ ಕೂರುವ ಮೊದಲೇ ಮನೆಯ ಹೆಂಗಸರು ಎಷ್ಟೋ ಕೆಲಸ ಮಾಡಿರುತ್ತಾರೆ, ಅದು ಲೆಕ್ಕಕ್ಕೆ ಬರುವುದೇ ಕಡಿಮೆ. ಮಗನ ಸಾಫ್ಟ್‌ವೇರ್‌ಗೆ ಇದು ಗೊತ್ತಿದೆಯೇ? ಯಾವ ಮನೆಗೆ ಎಷ್ಟು ನೂಲು ಹೋಯಿತು, ಅಂಚು ಗೋಮಿಯೋ ಪರಾಸಪೇಟೆಯೋ ಗಾಡಿಯೋ, ಕೊಂಡಿ ಹಾಕಿದ ಕೂಲಿ ಯಾರಿಗೆ ಸೇರಬೇಕು ಎಂಬುದು ಅದರಲ್ಲಿ ಇದೆಯೇ? ಬೆಂಗಳೂರಿನಲ್ಲಿ ಕುಳಿತು ಬರೆದವನಿಗೆ ಇದು ಹೊಳೆಯುವುದಿಲ್ಲ. ನಿಮಗೆ ಹೊಳೆಯುತ್ತದೆ.

ಆದ್ದರಿಂದ ಎರಡು ಲಕ್ಷವನ್ನು ಒಟ್ಟಿಗೆ ಕೊಡಬೇಡಿ. ಮೊದಲು ಹತ್ತು ಮಗ್ಗಗಳ ಲೆಕ್ಕವನ್ನು ಒಂದು ನೋಟ್‌ಬುಕ್ಕಿನಲ್ಲಿ, ಬಳಿಕ ವಾಟ್ಸಾಪ್‌ನಲ್ಲಿ ಎರಡು ತಿಂಗಳು ಇಟ್ಟು ತೋರಿಸಲಿ. ಅದಕ್ಕೆ ಸಾಫ್ಟ್‌ವೇರೇ ಬೇಡ. ಮಾಲೀಕರು "ಇದು ಬೇಕು, ತಿಂಗಳಿಗೆ ಇಷ್ಟು ಕೊಡುತ್ತೇವೆ" ಎಂದರೆ ಮಾತ್ರ ಮುಂದಿನ ಕಂತು. ಈಗ ಕೋಡ್ ಬರೆದುಕೊಡುವ ಎಐ ಸಾಧನಗಳು ಬಂದಿವೆ, ಮೊದಲ ಮಾದರಿಗೆ ಮೊದಲಿನಷ್ಟು ಖರ್ಚು ಬೀಳುವುದಿಲ್ಲ. ಬರೆಯುವುದು ಸುಲಭವಾದಷ್ಟೂ ಏನನ್ನು ಬರೆಯಬೇಕೆಂದು ತಿಳಿಯುವುದು ಕಷ್ಟವಾಗಿದೆ ಎಂಬುದು ನನ್ನ ಅನಿಸಿಕೆ. ಬಾದಾಮಿಯ ಹುಡುಗ ಗುಹೆ ನೋಡಲು ಬರುವವರಿಗಾಗಿ ಏನಾದರೂ ಮಾಡುವುದಾದರೂ ಮಾತು ಇದೇ. ಮೊದಲು ಹತ್ತು ಆಟೋದವರನ್ನು ಕೂಡಿಸಿ ತೋರಿಸಲಿ.

ಬರೀ ಮನೆಯ ಹಣವೇ ಆಗಬೇಕೆಂದಿಲ್ಲ. ರಾಜ್ಯ ಸರಕಾರ 2017ರಲ್ಲಿ ಆರಂಭಿಸಿದ 'ಎಲಿವೇಟ್' ಯೋಜನೆಯಲ್ಲಿ ಆಯ್ಕೆಯಾದ ಹೊಸ ಕಂಪೆನಿಗಳಿಗೆ 50 ಲಕ್ಷದವರೆಗೆ ಅನುದಾನವಿದೆ. ಅದು ಸಾಲವಲ್ಲ, ಪಾಲನ್ನೂ ಕೇಳುವುದಿಲ್ಲ. ಹುಬ್ಬಳ್ಳಿಯಲ್ಲಿ ದೇಶಪಾಂಡೆ ಸ್ಟಾರ್ಟ್‌ಅಪ್ಸ್ ಇದೆ. ಬಾಗಲಕೋಟೆಯಿಂದ ಸುಮಾರು ಮೂರು ಗಂಟೆಯ ದಾರಿ. ಬಳೆಗೆ ಕೈಹಾಕುವ ಮೊದಲು ಮಗ ಅಲ್ಲಿಗೆ ಒಮ್ಮೆ ಹೋಗಿ ತನ್ನ ಯೋಚನೆಯನ್ನು ಹೊರಗಿನವರ ಮುಂದೆ ಹೇಳಿ ಬರಲಿ. ಅಮ್ಮ ಕೇಳದ ಪ್ರಶ್ನೆಗಳನ್ನು ಅವರು ಕೇಳುತ್ತಾರೆ.

ಇನ್ನು, ಕೆಲಸಕ್ಕೆ ಸೇರುವವರ ವಿಷಯ. ಈ ಲೇಖನ ಓದುತ್ತಿರುವವಳು ಬಿಸಿಎ ಮುಗಿಸಿದ ಮಗಳೂ ಇರಬಹುದು. ಹೊಸ ಕಂಪೆನಿಯೊಂದು ನಿನ್ನನ್ನು ಕರೆಯುತ್ತದೆ. ಮನೆಯಿಂದಲೇ ಕೆಲಸ, ಸಂಬಳ ಕಡಿಮೆ, ಬದಲಿಗೆ ಷೇರು ಕೊಡುತ್ತೇವೆ ಎನ್ನುತ್ತಾರೆ. ಇದು ಮೋಸವೇ ಆಗಬೇಕೆಂದಿಲ್ಲ. ಇನ್ಫೋಸಿಸ್ 1994ರಲ್ಲಿ ನೌಕರರಿಗೆ ಷೇರು ಕೊಡುವ ಯೋಜನೆ ತಂದು ಎಷ್ಟೋ ಸಾಮಾನ್ಯ ನೌಕರರ ಬದುಕನ್ನು ಬದಲಾಯಿಸಿತು. ಆದರೆ ನನ್ನ ಪರಿಚಯದ ಹುಡುಗಿಯೊಬ್ಬಳು ಎರಡು ವರ್ಷ ಅರ್ಧ ಸಂಬಳಕ್ಕೆ ದುಡಿದು, ಕೊನೆಗೆ ಷೇರಿನ ಬಗ್ಗೆ ಕೇಳಿದಾಗ "ಹಾಗೆ ಹೇಳಿದ್ದೆವಾ?" ಎಂಬ ಉತ್ತರ ಪಡೆದಳು. ಅವಳ ಕೈಯಲ್ಲಿ ಒಂದು ಪತ್ರವೂ ಇರಲಿಲ್ಲ.

ಹಾಗಾಗಿ ಕೇಳು. ಕಂಪೆನಿ ನೋಂದಣಿಯಾಗಿದೆಯೇ? ಕಂಪೆನಿ ವ್ಯವಹಾರ ಸಚಿವಾಲಯದ ತಾಣದಲ್ಲಿ ಹೆಸರು ಹಾಕಿ ನೋಡಬಹುದು. ಷೇರು ಎಷ್ಟು ಎಂಬುದಕ್ಕಿಂತ ಒಟ್ಟು ಷೇರುಗಳಲ್ಲಿ ಅದು ಶೇಕಡಾ ಎಷ್ಟು? 'ಸಾವಿರ ಷೇರು' ಎಂಬುದಕ್ಕೆ ಅರ್ಥವಿಲ್ಲ. ಹತ್ತು ಸಾವಿರದಲ್ಲಿ ಸಾವಿರವೋ, ಒಂದು ಕೋಟಿಯಲ್ಲಿ ಸಾವಿರವೋ? ಕಾನೂನಿನ ಪ್ರಕಾರ ಈ ಹಕ್ಕು ಕೊಟ್ಟ ದಿನದಿಂದ ಕನಿಷ್ಠ ಒಂದು ವರ್ಷ ಕಳೆಯದೆ ಕೈಗೆ ಬರುವುದಿಲ್ಲ. ಹೆಚ್ಚಿನ ಕಡೆ ನಾಲ್ಕು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಕೊಡುತ್ತಾರೆ. ನಡುವೆ ಮದುವೆಯಾಗಿ ಬೇರೆ ಊರಿಗೆ ಹೋದರೆ, ಹೆರಿಗೆಗೆ ರಜೆ ಹಾಕಿದರೆ ಏನಾಗುತ್ತದೆ? ಇದನ್ನು ಕೇಳಲು ನಾಚಬೇಡ. ನಮ್ಮ ಹುಡುಗಿಯರು ಅರ್ಧದಲ್ಲಿ ಪಾಲು ಕಳೆದುಕೊಳ್ಳುವುದು ಇಂಥ ಕಡೆಯೇ.

ಹೊಸ ಕಂಪೆನಿ ಕಟ್ಟುವ ಹುಡುಗರಿಗೂ ಒಂದು ಮಾತು. ಮೊದಲ ನೌಕರರನ್ನು ಬೆಂಗಳೂರಿನಲ್ಲೇ ಹುಡುಕಬೇಕಿಲ್ಲ. ಲೆಕ್ಕ ಚೆನ್ನಾಗಿ ಬರುವ, ಮಗ್ಗದ ಮನೆಯಲ್ಲೇ ಬೆಳೆದ ಹುಡುಗಿ ಪಕ್ಕದ ಓಣಿಯಲ್ಲಿದ್ದಾಳೆ. ಮಾಲೀಕರ ಮನೆಯ ಹೆಂಗಸರ ಜೊತೆ ಮಾತಾಡಲು ನಿಮಗಾಗದು, ಅವಳಿಗಾಗುತ್ತದೆ. ಅವಳ ತಂದೆಯನ್ನು ಒಪ್ಪಿಸಲು ನಿಮ್ಮ ಅಮ್ಮಿಯನ್ನೇ ಕರೆದುಕೊಂಡು ಹೋಗಬೇಕಾಗಬಹುದು.

ಮಗ ಇನ್ನೂ ಬಾಗಿಲಲ್ಲೇ ನಿಂತಿದ್ದಾನೆ. ಒಳಗೆ ಕರೆದು ಕೂರಿಸಿ, ಒಂದು ಲೋಟ ಚಹಾ ಕೊಡಿ. ಬಳೆ ಕೈಯಲ್ಲೇ ಇರಲಿ. ಆ ಇಬ್ಬರು ಗೆಳೆಯರು ಯಾರು, ಮೂವರ ಪಾಲೆಷ್ಟು, ಒಬ್ಬ ಬಿಟ್ಟುಹೋದರೆ ಅವನ ಪಾಲು ಏನಾಗುತ್ತದೆ ಎಂದು ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ಭಾನುವಾರ ಮೂವರನ್ನೂ ಊಟಕ್ಕೆ ಕರೆಯಿರಿ. ಅಬ್ಬಾನೂ ಅಂದು ಮನೆಯಲ್ಲಿರಲಿ.