ಮಾದಕ ವ್ಯಸನಕ್ಕೆ ಸೆರೆಮನೆಯೋ, ಚಿಕಿತ್ಸೆಯೋ?

ಕನ್ನಡದಲ್ಲಿ 'ವ್ಯಸನ' ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಕೆಟ್ಟ ಚಟಕ್ಕೂ ವ್ಯಸನವೆನ್ನುತ್ತೇವೆ, ದುಃಖಕ್ಕೂ ವ್ಯಸನವೆನ್ನುತ್ತೇವೆ. ಸಂಸ್ಕೃತದಲ್ಲಿಯೂ ಇದಕ್ಕೆ ವಿಪತ್ತು ಎಂಬ ಅರ್ಥ ಉಂಟು. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಅಮರಕೋಶವನ್ನು ಕಂಠಪಾಠ ಮಾಡುತ್ತಿದ್ದಾಗ ನಮ್ಮ ಲಕ್ಷ್ಯ ಇತ್ತ ಹರಿಯಲಿಲ್ಲ. ಚಟಕ್ಕೆ ಬಿದ್ದವನು ದೋಷಿ ಎಂಬ ಅರ್ಥವನ್ನಷ್ಟೇ ಹಿಡಿದುಕೊಂಡು, ಅವನು ವಿಪತ್ತಿನಲ್ಲಿ ಸಿಲುಕಿದವನೆಂಬ ಅರ್ಥವನ್ನು ಕೈಬಿಟ್ಟೆವು. ಅದರ ಫಲವನ್ನು ಮುಂದೆ ಕಣ್ಣಾರೆ ಕಾಣಬೇಕಾಯಿತು.

1990ರ ಸುಮಾರಿನ ಮಾತು. ನಾವಾಗ ಪಾಠಶಾಲೆಯೊಂದರಲ್ಲಿ ಅಧ್ಯಾಪಕರಾಗಿದ್ದೆವು. ಪರಿಚಯದ ಗೃಹಸ್ಥರೊಬ್ಬರು ಮುಂಬಯಿಯಲ್ಲಿ ಕೆಲಸಕ್ಕಿದ್ದ ಮಗನನ್ನು ಕರೆತಂದರು. ಹುಡುಗ 'ಬ್ರೌನ್ ಶುಗರ್' ಎಂಬ ಕಲಬೆರಕೆಯ ಹೆರಾಯಿನ್ ಸೇದುವ ಚಟಕ್ಕೆ ಬಿದ್ದಿದ್ದ. "ಗುರುಗಳೇ, ಇವನಿಗೆ ನೀವೇ ಬುದ್ಧಿ ಹೇಳಬೇಕು" ಎಂದು ತಂದೆ ಕಣ್ಣೀರು ತೆಗೆದರು. ನಾವು ಬುದ್ಧಿ ಹೇಳಿದೆವು, ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ಪ್ರತಿಜ್ಞೆ ಮಾಡಿಸಿದೆವು. ಹುಡುಗ ಪ್ರಾಮಾಣಿಕ. ವಾಂತಿ, ಭೇದಿ, ನಿದ್ರೆಯಿಲ್ಲದ ರಾತ್ರಿಗಳನ್ನು ಸಹಿಸಿ ನಾಲ್ಕು ತಿಂಗಳು ಅದನ್ನು ಮುಟ್ಟಲಿಲ್ಲ. ಬಳಿಕ ಮುಂಬಯಿಗೆ ಮರಳಿದ. ಹದಿನೈದೇ ದಿನಗಳಲ್ಲಿ ಹೆಣವಾಗಿ ಊರಿಗೆ ಬಂದ. ಪ್ರತಿಜ್ಞೆ ಮುರಿದುದಕ್ಕೆ ಶಿಕ್ಷೆಯಾಯಿತೆಂದು ಜನ ಆಡಿಕೊಂಡರು. ನಾವೂ ಸುಮ್ಮನಿದ್ದೆವು.

ನಿಜವಾದ ಕಾರಣವನ್ನು ಎಷ್ಟೋ ವರ್ಷಗಳ ಮೇಲೆ ವೈದ್ಯರೊಬ್ಬರು ತಿಳಿಸಿಕೊಟ್ಟರು. ಅಫೀಮು, ಅದರಿಂದ ತೆಗೆದ ಮಾರ್ಫಿನ್, ಮಾರ್ಫಿನ್ನಿನಿಂದ ತಯಾರಿಸಿದ ಹೆರಾಯಿನ್ ಇವೆಲ್ಲ ಒಂದೇ ಕುಲದ ವಸ್ತುಗಳು. ದಿನವೂ ಸೇವಿಸುವವನ ದೇಹ ಇವುಗಳಿಗೆ ಒಗ್ಗಿಹೋಗುತ್ತದೆ. ಅದೇ ಸುಖಕ್ಕೆ ದಿನದಿನಕ್ಕೆ ಹೆಚ್ಚು ಪ್ರಮಾಣ ಬೇಕಾಗುತ್ತದೆ. ಕೆಲವು ವಾರ ಬಿಟ್ಟರೆ ದೇಹದ ಆ ಒಗ್ಗಿಕೆ ಇಳಿಯುತ್ತದೆ, ಮನಸ್ಸಿನ ಆಸೆ ಮಾತ್ರ ಇಳಿಯುವುದಿಲ್ಲ. ಮತ್ತೆ ಎಡವಿದವನು ಹಿಂದಿನ ಪ್ರಮಾಣವನ್ನೇ ಸೇವಿಸಿದರೆ ಉಸಿರಾಟ ನಿಂತುಹೋಗುತ್ತದೆ. ಸೆರೆಮನೆಯಿಂದ ಬಿಡುಗಡೆಯಾದ ಮೊದಲ ವಾರಗಳಲ್ಲಿ ಇಂತಹ ಸಾವುಗಳು ವಿಶೇಷವಾಗಿ ಸಂಭವಿಸುವುದೂ ಇದೇ ಕಾರಣದಿಂದ. ಔಷಧದ ಆಸರೆಯಿಲ್ಲದ ಬರಿಯ ಪ್ರತಿಜ್ಞೆ ಆ ಹುಡುಗನನ್ನು ಕಾಯಲಿಲ್ಲ. ಅವನನ್ನು ಇನ್ನಷ್ಟು ಅಪಾಯಕ್ಕೆ ಒಡ್ಡಿತು.

ಅಂದಿನಿಂದ ಈ ವಿಷಯವಾಗಿ ಸಿಕ್ಕಿದುದನ್ನೆಲ್ಲ ಓದುತ್ತ ಬಂದಿದ್ದೇವೆ. ಓದಿದುದರಲ್ಲಿ ನಮ್ಮ ಮನಸ್ಸನ್ನು ಹೆಚ್ಚಾಗಿ ಹಿಡಿದುದು ಪೋರ್ಚುಗಲ್ಲಿನ ವೃತ್ತಾಂತ. ನಮ್ಮ ನೆರೆಯ ಗೋವೆಯನ್ನು 1961ರವರೆಗೆ ಬಿಡದೆ ಹಿಡಿದಿದ್ದ ಪೋರ್ಚುಗೀಜರ ದೇಶವೇ ಅದು. ಅಲ್ಲಿ ಅರ್ಧ ಶತಮಾನದಷ್ಟು ಕಾಲ ಸರ್ವಾಧಿಕಾರ ನಡೆದು, ದೇಶ ಹೊರಜಗತ್ತಿಗೆ ಬಾಗಿಲು ಹಾಕಿಕೊಂಡಂತಿತ್ತು. 1974ರ ಏಪ್ರಿಲ್ ಕ್ರಾಂತಿಯಲ್ಲಿ ಆ ಬಾಗಿಲು ಒಮ್ಮೆಲೇ ತೆರೆಯಿತು. ಸ್ವಾತಂತ್ರ್ಯದ ಹಿಂದೆಯೇ ಹೆರಾಯಿನ್ನೂ ಒಳಹೊಕ್ಕಿತು. ಅದರ ಗುಣದೋಷಗಳೇನೆಂದು ಅರಿಯದ ಸಮಾಜ ಅದು. 1990ರ ದಶಕದ ಕೊನೆಗೆ, ಸುಮಾರು ಒಂದು ಕೋಟಿ ಜನಸಂಖ್ಯೆಯ ಆ ಚಿಕ್ಕ ದೇಶದಲ್ಲಿ, ನೂರಕ್ಕೆ ಒಬ್ಬರು ಹೆರಾಯಿನ್‌ಗೆ ಬಲಿಯಾಗಿದ್ದರೆಂದು ಅಂದಾಜು. ಶ್ರೀಮಂತರ ಮನೆ, ಬಡವರ ಮನೆ ಎಂಬ ಭೇದವಿರಲಿಲ್ಲ. ರಾಜಧಾನಿ ಲಿಸ್ಬನ್ನಿನ ಕಾಸಾಲ್ ವೆಂಟೋಸೊ ಎಂಬ ಕೇರಿಯಲ್ಲಿ ಹಾಡುಹಗಲೇ ಸಾವಿರಾರು ಜನ ಸೇರಿ ಕೊಳ್ಳುವುದು, ಚುಚ್ಚಿಕೊಳ್ಳುವುದು ನಡೆದಿತ್ತು. ಒಬ್ಬರ ಸೂಜಿಯನ್ನು ಇನ್ನೊಬ್ಬರು ಬಳಸಿ ಏಡ್ಸ್ ರೋಗದ ಸೋಂಕು ಹಬ್ಬಿತು.

ಸರಕಾರ ಮೊದಲು ಮಾಡಿದುದು ಎಲ್ಲ ಸರಕಾರಗಳೂ ಮಾಡುವಂತೆ ಹಿಡಿಯುವುದು, ಶಿಕ್ಷಿಸುವುದು. ಸೆರೆಮನೆಗಳು ತುಂಬಿದವು, ಕಾಸಾಲ್ ವೆಂಟೋಸೊ ಬರಿದಾಗಲಿಲ್ಲ. 1998ರಲ್ಲಿ ಪ್ರಧಾನಿಯಾಗಿದ್ದವರು ಆಂಟೋನಿಯೊ ಗುಟೆರಸ್, ಮುಂದೆ 2017ರಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಗಳಾದವರು. ಅವರ ಸರಕಾರ ತಜ್ಞರ ಸಮಿತಿಯೊಂದನ್ನು ನೇಮಿಸಿತು. ವಿಜ್ಞಾನಿ ಅಲೆಕ್ಸಾಂಡ್ರೆ ಕ್ವಿಂಟಾನಿಲ್ಯ ಅದರ ಅಧ್ಯಕ್ಷರು. ದಕ್ಷಿಣದ ಅಲ್ಗಾರ್ವೆ ಪ್ರಾಂತದಲ್ಲಿ ಕುಟುಂಬ ವೈದ್ಯರಾಗಿದ್ದ ಜ್ವಾಂವ್ ಗೌಲಾಂವ್ ಸದಸ್ಯರಲ್ಲೊಬ್ಬರು. ವ್ಯಸನಿಯು ರೋಗಿಯೇ ಹೊರತು ಅಪರಾಧಿಯಲ್ಲ, ಅವನನ್ನು ಆರೋಗ್ಯ ಇಲಾಖೆ ನೋಡಿಕೊಳ್ಳಬೇಕು ಎಂಬುದು ಸಮಿತಿಯ ಅಭಿಮತದ ಸಾರ. ಅದರಂತೆ 2000ದಲ್ಲಿ ಕಾಯಿದೆಯಾಗಿ, 2001ರ ಜುಲೈ 1ರಿಂದ ಜಾರಿಗೆ ಬಂತು.

ಈ ಕಾಯಿದೆಯನ್ನು ಅನೇಕರು ತಪ್ಪಾಗಿ ತಿಳಿದಿದ್ದಾರೆ. ಪೋರ್ಚುಗಲ್ ಮಾದಕ ವಸ್ತುವಿಗೆ ಪರವಾನಗಿ ಕೊಡಲಿಲ್ಲ. ಮಾರಾಟ, ಸಾಗಾಣಿಕೆ ಇಂದಿಗೂ ಅಲ್ಲಿ ಘೋರ ಅಪರಾಧಗಳೇ. ಸ್ವಂತ ಬಳಕೆಗೆ ಮೀರದಷ್ಟು ವಸ್ತುವಿನೊಡನೆ ಸಿಕ್ಕವನನ್ನು ಮಾತ್ರ ಪೊಲೀಸರು ಕ್ರಿಮಿನಲ್ ನ್ಯಾಯಾಲಯಕ್ಕೆ ಒಯ್ಯುವುದಿಲ್ಲ. ವಸ್ತುವನ್ನು ಕಸಿದುಕೊಂಡು, ಅವನನ್ನು ಜಿಲ್ಲೆಯ ಒಂದು ಮಂಡಳಿಯ ಮುಂದೆ ಹಾಜರಾಗಲು ಹೇಳುತ್ತಾರೆ. ಮಂಡಳಿಯಲ್ಲಿ ಮೂವರು. ಒಬ್ಬರು ಕಾನೂನು ಬಲ್ಲವರು, ಉಳಿದಿಬ್ಬರು ವೈದ್ಯಕೀಯ, ಮನಶ್ಶಾಸ್ತ್ರ, ಸಮಾಜಸೇವೆಯಂತಹ ಕ್ಷೇತ್ರದವರು. ಅದು ನ್ಯಾಯಾಲಯದಂತೆ ಕಾಣುವುದಿಲ್ಲ. ಎತ್ತರದ ಪೀಠವಿಲ್ಲ, ಕಟಕಟೆಯಿಲ್ಲ, ಒಂದೇ ಮೇಜಿನ ಸುತ್ತ ಕುಳಿತು ಮಾತನಾಡುತ್ತಾರೆ. ಎಂದೋ ಒಮ್ಮೆ ಸೇವಿಸಿದವನೋ, ಅಥವಾ ಅದಿಲ್ಲದೆ ಬದುಕಲಾರದವನೋ ಎಂದು ಮೊದಲು ವಿಚಾರಿಸುತ್ತಾರೆ. ಮೊದಲನೆಯವನಿಗೆ ಎಚ್ಚರಿಕೆ, ಕೆಲವೊಮ್ಮೆ ದಂಡ. ಎರಡನೆಯವನಿಗೆ ದಂಡ ಹಾಕುವಂತಿಲ್ಲ. ಅವನಿಗೆ ಚಿಕಿತ್ಸೆಯ ದಾರಿ ತೋರಿಸುತ್ತಾರೆ. ಒಪ್ಪಿ ಹೋದರೆ ಪ್ರಕರಣವನ್ನು ತಡೆಹಿಡಿಯುತ್ತಾರೆ.

ತೋರಿಸಿದ ದಾರಿಯ ತುದಿಯಲ್ಲಿ ಆಸ್ಪತ್ರೆ ಇರಬೇಕಷ್ಟೆ! ಪೋರ್ಚುಗಲ್ಲಿನ ನಿಜವಾದ ಕಾರ್ಯ ಇಲ್ಲಿದೆ. ಚಿಕಿತ್ಸಾ ಕೇಂದ್ರಗಳನ್ನು ದೇಶದ ಉದ್ದಗಲಕ್ಕೂ ವಿಸ್ತರಿಸಿದರು. ಮೆಥಡೋನ್ ಎಂಬ ಔಷಧವನ್ನು ಉಚಿತವಾಗಿ ಕೊಟ್ಟರು. ಇದೂ ಅಫೀಮಿನ ಗುಣದ್ದೇ. ಆದರೆ ಬಾಯಿಯಿಂದ ಒಮ್ಮೆ ತೆಗೆದುಕೊಂಡರೆ ದಿನವಿಡೀ ನಿಲ್ಲುತ್ತದೆ, ಹೆರಾಯಿನ್ನಿನಂತೆ ತಲೆಗೇರುವುದಿಲ್ಲ. ನಡುಕ, ವಾಂತಿಗಳು ಹತೋಟಿಗೆ ಬಂದು ಮನುಷ್ಯ ಉಂಡು, ಮಲಗಿ, ಎದ್ದು ಕೆಲಸಕ್ಕೆ ಹೋಗಬಲ್ಲವನಾಗುತ್ತಾನೆ. ಕೇಂದ್ರಕ್ಕೆ ಬಾರದವರಿದ್ದ ಕಡೆಗೆ ಲಿಸ್ಬನ್ನಿನಲ್ಲಿ ಔಷಧದ ವ್ಯಾನುಗಳೇ ಹೋದವು. ಔಷಧದಂಗಡಿಗಳಲ್ಲಿ ಹಳೆಯ ಸೂಜಿ ಕೊಟ್ಟು ಹೊಸದು ಪಡೆಯುವ ಏರ್ಪಾಡು 1993ರಿಂದಲೇ ಇತ್ತು. ಇನ್ನೊಂದು ಯೋಜನೆ ನಮ್ಮ ಓದುಗರಿಗೆ ವಿಶೇಷವಾಗಿ ಹಿಡಿಸೀತು: ಚಿಕಿತ್ಸೆ ಪಡೆದವನಿಗೆ ಉದ್ಯೋಗ ಕೊಟ್ಟ ಮಾಲೀಕನಿಗೆ ಅವನ ಸಂಬಳದ ಒಂದು ಭಾಗವನ್ನು ಸರಕಾರ ತುಂಬಿಕೊಡುತ್ತಿತ್ತು. ಕಾಯಕವಿಲ್ಲದವನು ಹಳೆಯ ಕೇರಿಗೇ ಮರಳುತ್ತಾನೆಂಬುದನ್ನು ಅವರು ಅರಿತಿದ್ದರು.

ಒಂದು ವಿಷಕ್ಕೆ ಬದಲಾಗಿ ಇನ್ನೊಂದು ವಿಷ ಕೊಟ್ಟಂತಾಯಿತಲ್ಲ ಎಂದು ಹಿರಿಯರು ಕೇಳುವುದುಂಟು. ನಾವೂ ಹಾಗೆಯೇ ಕೇಳಿದ್ದೆವು. ಮಧುಮೇಹಿಗೆ ಇನ್ಸುಲಿನ್ ವರ್ಷಗಟ್ಟಲೆ ಬೇಕೆಂದರೆ ಯಾರೂ ಚಟವೆನ್ನುವುದಿಲ್ಲವಷ್ಟೆ ಎಂದು ವೈದ್ಯರು ನಕ್ಕರು.

ಫಲವೇನಾಯಿತು? 2001ರಲ್ಲಿ ಸೂಜಿಯ ಮೂಲಕ ಏಡ್ಸ್ ಸೋಂಕು ತಗುಲಿದ ಹೊಸ ಪ್ರಕರಣಗಳು ಸಾವಿರಕ್ಕೂ ಮಿಕ್ಕಿದ್ದವು. 2010ರ ದಶಕದ ಅಂತ್ಯಕ್ಕೆ ಅವು ವರ್ಷಕ್ಕೆ ಐವತ್ತಕ್ಕೂ ಕಡಿಮೆಯಾದವು. ಮಾದಕ ವಸ್ತುವಿನಿಂದ ಸಾಯುವವರ ಪ್ರಮಾಣದಲ್ಲಿ ಪೋರ್ಚುಗಲ್ ಪಶ್ಚಿಮ ಯೂರೋಪಿನ ಅತಿ ಕಡಿಮೆ ಸಾವಿನ ದೇಶಗಳ ಸಾಲಿಗೆ ಸೇರಿತು. ಕಾಯಿದೆಗೆ ಮುಂಚೆ ವಿರೋಧಿಗಳು ಹೆದರಿಸಿದ್ದಂತೆ ಜಗತ್ತಿನ ವ್ಯಸನಿಗಳೆಲ್ಲ ಅಲ್ಲಿಗೆ ಧಾವಿಸಲಿಲ್ಲ.

ಇಷ್ಟರಿಂದ ಅಲ್ಲಿ ಎಲ್ಲವೂ ಸುಗಮವೆಂದು ತಿಳಿಯಬಾರದು. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, 2012ರಲ್ಲಿ, ಈ ಕೆಲಸಕ್ಕೆಂದೇ ಇದ್ದ ರಾಷ್ಟ್ರೀಯ ಸಂಸ್ಥೆಯನ್ನು ಒಡೆದು, ಚಿಕಿತ್ಸೆಯ ಹೊಣೆಯನ್ನು ಪ್ರಾಂತಗಳಿಗೆ ಹಂಚಿದರು. ಹಣವೂ ಕಡಿಮೆಯಾಯಿತು. ಕೆಲ ವರ್ಷಗಳಲ್ಲಿ ಪೋರ್ತೊ ನಗರದ ಬೀದಿಗಳಲ್ಲಿ ಸೂಜಿಗಳು ಮತ್ತೆ ಕಾಣಿಸಿಕೊಂಡು ನಾಗರಿಕರು ದೂರತೊಡಗಿದರು. 2024ರಲ್ಲಿ ಆ ಕೆಲಸಗಳನ್ನು ಪುನಃ ಒಂದೇ ಸಂಸ್ಥೆಯಡಿ ತಂದಿದ್ದಾರೆ.

ಪೋರ್ಚುಗಲ್ಲನ್ನು ಅರ್ಧ ಮಾತ್ರ ಅನುಸರಿಸಿ ಸೋತವರೂ ಇದ್ದಾರೆ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ 2021ರ ಫೆಬ್ರವರಿಯಿಂದ ಸ್ವಂತ ಬಳಕೆಯನ್ನು ಅಪರಾಧವಲ್ಲವೆಂದರು. ಸಿಕ್ಕವನಿಗೆ ನೂರು ಡಾಲರಿನ ದಂಡದ ಚೀಟಿ. ಸಹಾಯವಾಣಿಗೆ ದೂರವಾಣಿ ಮಾಡಿದರೆ ಅದೂ ಮಾಫಿ. ಎದುರು ಕುಳಿತು ಮಾತನಾಡುವ ಮಂಡಳಿಯಿಲ್ಲ, ಚಿಕಿತ್ಸಾ ಕೇಂದ್ರಗಳು ಸಿದ್ಧವಾಗಿರಲಿಲ್ಲ. ದೂರವಾಣಿ ಮಾಡಿದವರು ಕೆಲವೇ ಮಂದಿ. ಅದೇ ವೇಳೆಗೆ ಹೆರಾಯಿನ್ನಿಗಿಂತ ಎಷ್ಟೋ ಪಟ್ಟು ತೀವ್ರವಾದ ಫೆಂಟಾನಿಲ್ ಅಲ್ಲಿಗೆ ಕಾಲಿಟ್ಟಿತು. 2024ರ ಸೆಪ್ಟೆಂಬರಿನಿಂದ ಅದು ಅಲ್ಲಿ ಮತ್ತೆ ಅಪರಾಧವಾಯಿತು.

ನಮ್ಮ ದೇಶದ 1985ರ ಮಾದಕ ವಸ್ತು ಕಾಯಿದೆ ಕಠೋರವೆಂದು ಹೆಸರಾದುದು. ಸೇವಿಸಿದುದಕ್ಕೇ ಸೆರೆವಾಸ ವಿಧಿಸಬಲ್ಲದು. ಆದರೆ ಅದರ 64-ಎ ಕಲಮಿನಲ್ಲಿ, ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿಯು ತಾನಾಗಿ ಚಿಕಿತ್ಸೆಗೆ ಮುಂದಾದರೆ ಮೊಕದ್ದಮೆಯಿಂದ ರಕ್ಷಣೆ ಉಂಟೆಂಬುದನ್ನು ಎಷ್ಟು ತಂದೆತಾಯಿಗಳು ಬಲ್ಲರು? 2019ರಲ್ಲಿ ಪ್ರಕಟವಾದ ಕೇಂದ್ರ ಸರಕಾರದ ಸಮೀಕ್ಷೆಯಂತೆ ಅಫೀಮಿನ ಕುಲದ ವಸ್ತುಗಳನ್ನು ಬಳಸುವವರು ದೇಶದಲ್ಲಿ ಸುಮಾರು ಎರಡು ಕೋಟಿ ಇಪ್ಪತ್ತಾರು ಲಕ್ಷ. ಮೆಥಡೋನಿನಂತೆಯೇ ಆಸರೆಯಾಗುವ ಬುಪ್ರೆನಾರ್ಫಿನ್ ಔಷಧ ನಮ್ಮಲ್ಲಿ ಸರಕಾರಿ ಕೇಂದ್ರಗಳಲ್ಲಿ ದೊರೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಕೇಂದ್ರ ಸರಕಾರದ ಉಚಿತ ಸಹಾಯವಾಣಿ 14446.

ಇಳಕಲ್ಲಿನ ಪೂಜ್ಯ ಮಹಾಂತ ಅಪ್ಪಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದುದನ್ನು ವಾಚಕರು ಬಲ್ಲರು. ಅವರು ಯಾರನ್ನೂ ಜರೆಯದೆ ಬೇಡಿದರು. ನಾವು ಆ ಹುಡುಗನಿಂದ ಪ್ರತಿಜ್ಞೆ ಮಾಡಿಸಿದಾಗ ಬಿಟ್ಟುದು ಅದನ್ನೇ.

ಕಳೆದ ವರ್ಷ ತಾಯಿಯೊಬ್ಬಳು ಅಂತಹುದೇ ಕಷ್ಟದೊಡನೆ ಬಂದಳು. ನೆರೆಯವರಿಗೆ ತಿಳಿದೀತೆಂಬ ಭಯದಿಂದ ಎರಡು ವರ್ಷ ಯಾರಿಗೂ ಹೇಳಿರಲಿಲ್ಲ. ನಾವು ಆಕೆಯ ಮಗನಿಗೆ ವಿಭೂತಿ ಹಚ್ಚಿ ಹರಸಿದೆವು, ಪ್ರತಿಜ್ಞೆ ಮಾಡಿಸಲಿಲ್ಲ. ಮರುದಿನ ಅವರೊಡನೆ ನಾವೇ ಆಸ್ಪತ್ರೆಗೆ ಹೋದೆವು. ಹೊರರೋಗಿಗಳ ಸಾಲಿನಲ್ಲಿ ನಮ್ಮ ಪರಿಚಯದ ಇನ್ನೂ ಎರಡು ಮನೆಯವರಿದ್ದರು. ಒಬ್ಬರು ಮುಖ ತಿರುಗಿಸಿಕೊಂಡರು. ಇನ್ನೊಬ್ಬರು ಸರಿದು ಆ ತಾಯಿಗೆ ಕುಳಿತುಕೊಳ್ಳಲು ಜಾಗ ಕೊಟ್ಟರು.