ಅಳೆಯುವುದಕ್ಕೂ ಒಂದು ಖರ್ಚಿದೆ

ಸಣ್ಣ ಬೀಕರಿನ ಬಿಸಿನೀರಿಗೆ ಥರ್ಮಾಮೀಟರ್ ಇಟ್ಟರೆ ಅದೂ ಸ್ವಲ್ಪ ಉಷ್ಣ ಹೀರಿಕೊಳ್ಳುತ್ತದೆ. ಮಕ್ಕಳಿಗೆ ಇದನ್ನು ಹೇಳಿಕೊಡುವ ನಾನೇ ಕಂಪ್ಯೂಟರ್ ಲ್ಯಾಬಿನಲ್ಲಿ ಮರೆತುಬಿಟ್ಟೆ.

ಹಳೆಯ ಲಿನಕ್ಸ್ ಕಂಪ್ಯೂಟರೊಂದರಲ್ಲಿ ಟಿಸಿಪಿಡಂಪ್ ಎಂಬ ತಂತ್ರಾಂಶ ಓಡಿಸಿ, ನೆಟ್‌ವರ್ಕಿನಲ್ಲಿ ಬರುವ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುತ್ತಿದ್ದೆ. ನಡುನಡುವೆ ಕೆಲವು ಕಾಣೆ! “ಸಾರ್, ಕೇಬಲ್ ಹಾಳಾಗಿರ್ಬೇಕು” ಅಂದ ಒಬ್ಬ ಹುಡುಗ. ಕೇಬಲ್ ಬದಲಿಸಿದೆವು, ಪ್ರಯೋಜನ ಆಗಲಿಲ್ಲ. ಆಮೇಲೆ ಕೊನೆಯ ಸಾಲು ಓದಿದೆ: ಇಷ್ಟು ಪ್ಯಾಕೆಟ್‌ಗಳನ್ನು ಕರ್ನಲ್ ಕೈಬಿಟ್ಟಿದೆ ಎಂದಿತ್ತು.

ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಪ್ಯಾಕೆಟ್ ಮೊದಲು ತಲುಪುವುದು ಅಲ್ಲಿಗೆ. ನಾವು ನೋಡಬೇಕಾದರೆ ಅದರ ನಕಲು ನಮ್ಮ ತಂತ್ರಾಂಶಕ್ಕೆ ದಾಟಬೇಕು. 100 ಎಂಬಿಪಿಎಸ್ ಸಂಪರ್ಕ ಭರ್ತಿಯಾಗಿ ಓಡಿದರೆ ಪೂರ್ಣ ಗಾತ್ರದ ಪ್ಯಾಕೆಟ್‌ಗಳೇ ಸೆಕೆಂಡಿಗೆ ಸುಮಾರು 8,000. ಎಲ್ಲವನ್ನೂ ದಾಟಿಸಲು ಪ್ರೊಸೆಸರಿಗೆ ಪುರುಸೊತ್ತಿಲ್ಲದಿದ್ದರೆ ಬಫರ್ ತುಂಬಿ, ಮುಂದಿನ ನಕಲು ಬಿಟ್ಟುಹೋಗುತ್ತದೆ. ದೋಷ ಕೇಬಲಿನದ್ದಲ್ಲ, ನಮ್ಮ ಅಳತೆಯದ್ದು.

ಇದಕ್ಕೆ ಪರಿಹಾರವಾಗಿ ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದ ಸ್ಟೀವನ್ ಮೆಕ್ಯಾನ್ ಮತ್ತು ವ್ಯಾನ್ ಜೇಕಬ್‌ಸನ್ ರೂಪಿಸಿದ್ದೇ ಬಿಪಿಎಫ್. 1992ರಲ್ಲಿ ಅವರು ಅದರ ಬಗ್ಗೆ ಪ್ರಬಂಧ ಬರೆದರು. ನಮ್ಮೂರಿನ ಅಡಿಕೆ ಕೃಷಿಕರಿಗೆ ಇದರ ಉಪಾಯ ಹೊಸತಲ್ಲ. ಪಟೋರ, ಕರಿಗೋಟುಗಳನ್ನು ಮನೆಯಲ್ಲೇ ಹೆಕ್ಕಿ ಬೇರೆ ಮಾಡುತ್ತೇವೆ. ಗೋಣಿ ತುಂಬಿದ ಮೇಲೆಯೇ ಪೇಟೆಗೆ ಒಯ್ಯುತ್ತೇವೆ. ಬಿಪಿಎಫ್ ಕೂಡ ಬೇಡದ ಪ್ಯಾಕೆಟ್‌ಗಳನ್ನು ಕರ್ನಲಿನೊಳಗೇ, ನಕಲು ಮಾಡುವ ಮೊದಲೇ ಬಿಡುತ್ತದೆ. ಬೇಕಾದವನ್ನು ಬಫರಿನಲ್ಲಿ ಕೂಡಿಸಿ ಒಟ್ಟಿಗೆ ಕಳಿಸುತ್ತದೆ. ಅದೇ ಯಂತ್ರದಲ್ಲಿ ಸನ್ ಕಂಪೆನಿಯ ಆಗಿನ ವ್ಯವಸ್ಥೆಗಿಂತ 100 ಪಟ್ಟಿನವರೆಗೂ ವೇಗ ಸಿಕ್ಕಿತೆಂದು ಪ್ರಬಂಧ ಹೇಳುತ್ತದೆ. ಈ ಸೋಸುವ ವಿಧಾನ ಲಿನಕ್ಸ್‌ಗೂ ಬಂತು.

ಸೌಕರ್ಯ ಮೊದಲೇ ಇತ್ತು, ನಾನು ಬಳಸಿರಲಿಲ್ಲ ಅಷ್ಟೆ. ಮತ್ತೆ ಪ್ರಯೋಗ ಮಾಡಿದೆವು. ಪಿಂಗ್ ಪ್ಯಾಕೆಟ್ ಮಾತ್ರ ಸಾಕೆಂದು ಸೋಸಿದೆವು. 1,514 ಬೈಟಿನ ಪ್ಯಾಕೆಟ್‌ನಲ್ಲೂ ವಿಳಾಸ ಮುಂತಾದ ವಿವರ ಇರುವುದು ಆರಂಭದಲ್ಲೇ. ಹಾಗಾಗಿ ಮೊದಲ 96 ಬೈಟ್ ಮಾತ್ರ ತೆಗೆದುಕೊಂಡೆವು. ಪರದೆಗೆ ಬರೆಯಿಸುವ ಬದಲು ಫೈಲಿಗೆ ಉಳಿಸಿದೆವು. ಕೈಬಿಟ್ಟ ಪ್ಯಾಕೆಟ್ ಸೊನ್ನೆ!

ನಮ್ಮ ಶಾಲೆಗಳಲ್ಲಿ ಕೈಟ್‌ನ ಗ್ನೂ/ಲಿನಕ್ಸ್ ಇರುವುದರಿಂದ ನೀವೂ ಮಾಡಿ ನೋಡಬಹುದು. ಪ್ಯಾಕೆಟ್‌ಗಳಲ್ಲಿ ಖಾಸಗಿ ಮಾಹಿತಿ ಇರಬಹುದು. ಆದ್ದರಿಂದ ಲ್ಯಾಬಿನ ಕಂಪ್ಯೂಟರಿನಲ್ಲಿ ಮಾತ್ರ, ಎಲ್ಲರಿಗೂ ತಿಳಿಸಿಯೇ ಮಾಡಿ. ಸ್ಕ್ರೂಗೇಜ್ ಹಿಡಿದಾಗ ಮೊದಲು ಶೂನ್ಯ ದೋಷ ನೋಡುವ ಹಾಗೆ, ಇಲ್ಲಿ ಕೈಬಿಟ್ಟವುಗಳ ಲೆಕ್ಕ ನೋಡಿ. ಕೇಬಲ್ ಕೀಳುವುದು ಆಮೇಲೆ.